‘ಸಭ್ಯರ ಯುದ್ಧ’ ಎಂಬ ಅಸತ್ಯ

ಯುದ್ಧಗಳ ಇತಿಹಾಸವನ್ನು ಬರೆಯುವವರು ಕೆಲವು ಯುದ್ಧಗಳಿಗೆ ಪ್ರಶಂಸಾಪತ್ರ ನೀಡುವುದುಂಟು. 1899ರ ಅಕ್ಟೋಬರ್ 11ರಿಂದ 1902ರ ಮೇ 31ರವರೆಗೆ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಬೋಯರರಿಗೂ ನಡೆದ ಯುದ್ಧಕ್ಕೆ ದೊರೆತ ಪ್ರಶಂಸಾಪತ್ರ ಬಹು ದೊಡ್ಡದು. ಅದು ‘ಸಭ್ಯರ ಕೊನೆಯ ಯುದ್ಧ’ವಂತೆ. ಆ ಯುದ್ಧದಲ್ಲಿ ಕಿರಿಯ ಅಧಿಕಾರಿಯಾಗಿದ್ದು ಮುಂದೆ ಯುದ್ಧಶಾಸ್ತ್ರದ ಲೇಖಕನೆಂದು ಹೆಸರಾದ ಜೆ. ಎಫ್. ಸಿ. ಫುಲ್ಲರ್ ಎಂಬಾತನು 1937ರಲ್ಲಿ ಪ್ರಕಟಿಸಿದ ತನ್ನ ನೆನಪಿನ ಪುಸ್ತಕಕ್ಕೆ ಈ ಹೆಸರನ್ನೇ ಇಟ್ಟನು. ಅಂದಿನಿಂದ ಈ ಮಾತು ಪುಸ್ತಕದಿಂದ ಪುಸ್ತಕಕ್ಕೆ, ನಾಲಗೆಯಿಂದ ನಾಲಗೆಗೆ ಹರಿದುಬಂದಿದೆ. ವಿದ್ಯಾವಂತರೂ ಸಜ್ಜನರೂ ಆದವರು ಕೂಡ ಇದನ್ನು ಆಡುತ್ತಾರೆ. ‘ಇಂದಿನ ಯುದ್ಧಗಳಂತೆ ಊರಿನ ಮೇಲೆ ಬಾಂಬು ಸುರಿಯುವ ಕ್ರೌರ್ಯ ಅಂದಿರಲಿಲ್ಲ; ಸೈನಿಕನು ಸೈನಿಕನೊಡನೆ ಹೋರಾಡಿದನು; ಗಾಯಗೊಂಡವರನ್ನು ಎತ್ತಿಕೊಳ್ಳಲು ಉಭಯ ಪಕ್ಷಗಳೂ ಅವಕಾಶ ಕೊಟ್ಟವು’ ಎಂಬುದು ಅವರ ವಾದ.

ಈ ವಾದದಲ್ಲಿ ಒಂದಂಶ ನಿಜ, ಉಳಿದದ್ದು ಅಸತ್ಯ. ಅರ್ಧ ನಿಜವನ್ನು ಹೊದ್ದ ಅಸತ್ಯವು ಬರಿಯ ಅಸತ್ಯಕ್ಕಿಂತ ಹೆಚ್ಚು ಕೇಡು ಮಾಡುವುದರಿಂದ, ಆ ಹೊದಿಕೆಯನ್ನು ತೆಗೆದು ನೋಡುವುದು ಅವಶ್ಯವಾಗಿದೆ.

ಮೊದಲು ಯುದ್ಧದ ಕಾರಣವನ್ನು ನೋಡೋಣ. ಬೋಯರ್ ಎಂದರೆ ಡಚ್ ಭಾಷೆಯಲ್ಲಿ ರೈತ ಎಂದರ್ಥ. ಯೂರೋಪಿನಿಂದ ಹೋಗಿ ಆಫ್ರಿಕದ ತುದಿಯಲ್ಲಿ ನೆಲೆಸಿದ ಈ ಜನರು ಟ್ರಾನ್ಸ್‌ವಾಲ್ ಮತ್ತು ಆರೆಂಜ್ ಫ್ರೀ ಸ್ಟೇಟ್ ಎಂಬ ಎರಡು ಗಣರಾಜ್ಯಗಳನ್ನು ಕಟ್ಟಿಕೊಂಡಿದ್ದರು. 1886ರಲ್ಲಿ ಟ್ರಾನ್ಸ್‌ವಾಲಿನ ವಿಟ್‌ವಾಟರ್ಸ್‌ರ‍್ಯಾಂಡ್ ಪ್ರದೇಶದಲ್ಲಿ ಚಿನ್ನದ ನಿಕ್ಷೇಪಗಳು ಪತ್ತೆಯಾದವು. ಜೋಹಾನ್ಸ್‌ಬರ್ಗ್ ನಗರವು ಹುಟ್ಟಿದ್ದು ಆ ಚಿನ್ನದಿಂದಲೇ. ಅಲ್ಲಿಗೆ ಬಂದು ನೆಲೆಸಿದ ವಿದೇಶೀಯರಿಗೆ ಮತದಾನದ ಹಕ್ಕು ಬೇಕೆಂಬ ಬೇಡಿಕೆಯನ್ನು ಮುಂದಿಟ್ಟು ಬ್ರಿಟಿಷ್ ಹೈಕಮಿಷನರ್ ಮಿಲ್ನರನು ಅಧ್ಯಕ್ಷ ಕ್ರೂಗರನೊಡನೆ 1899ರಲ್ಲಿ ಬ್ಲೂಮ್‌ಫಾಂಟೀನಿನಲ್ಲಿ ಮಾತುಕತೆ ನಡೆಸಿದನು, ಅದು ಮುರಿದುಬಿತ್ತು. ಟ್ರಾನ್ಸ್‌ವಾಲಿನಲ್ಲಿದ್ದ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವೂ ಯುದ್ಧಕ್ಕೆ ಒಂದು ಕಾರಣವೆಂದು ಲಂಡನ್ನಿನ ಮಂತ್ರಿಗಳು ಸಾರಿದರು. ಅನ್ಯಾಯವೇನೋ ಇದ್ದುದು ದಿಟ. ಟ್ರಾನ್ಸ್‌ವಾಲಿನ 1885ರ ಮೂರನೆಯ ಕಾನೂನು ನಮ್ಮವರನ್ನು ಊರ ಹೊರಗಿನ ಕೇರಿಗಳಿಗೆ ತಳ್ಳುವ ಉದ್ದೇಶದ್ದಾಗಿತ್ತು. ಆರೆಂಜ್ ಫ್ರೀ ಸ್ಟೇಟು ಭಾರತೀಯ ವ್ಯಾಪಾರಿಗಳನ್ನು ಹೊರಗಟ್ಟಿತ್ತು. ಆದರೆ ಯುದ್ಧ ಗೆದ್ದ ಮೇಲೆ ಬ್ರಿಟಿಷರು ಆ ಕಾನೂನನ್ನು ಕಿತ್ತೆಸೆಯಲಿಲ್ಲ. ಅದನ್ನು ಇನ್ನಷ್ಟು ಶಿಸ್ತಿನಿಂದ ಜಾರಿಗೆ ತಂದರು. ಗಾಂಧೀಜಿಯವರು ಸತ್ಯಾಗ್ರಹಕ್ಕೆ ಇಳಿದದ್ದು ಆ ಗೆದ್ದವರ ಆಡಳಿತದ ವಿರುದ್ಧವೇ ಎಂಬುದನ್ನು ಮರೆಯಬಾರದು.

ಇನ್ನು ಕದನಗಳ ಮಾತು. 1899ರ ಡಿಸೆಂಬರ್ 10ರಂದು ಸ್ಟಾರ್ಮ್‌ಬರ್ಗ್, 11ರಂದು ಮ್ಯಾಗರ್ಸ್‌ಫಾಂಟೀನ್, 15ರಂದು ಕೊಲೆಂಜೊ; ಆರು ದಿನಗಳಲ್ಲಿ ಮೂರು ಸ್ಥಳಗಳಲ್ಲಿ ಬ್ರಿಟಿಷರು ಸೋತರು. ಆ ವಾರವನ್ನು ಅವರು ‘ಕರಾಳ ವಾರ’ವೆಂದೇ ಕರೆಯುತ್ತಾರೆ. ಬೋಯರರ ಕೈಯಲ್ಲಿ ಹೊಗೆ ಕಾಣಿಸದ ಮದ್ದಿನ ಮಾಸರ್ ಕೋವಿಗಳಿದ್ದವು. ಅವರು ಕಂದಕಗಳಲ್ಲಿ ಅಡಗಿ ಕಾಯುತ್ತಿದ್ದರು. ಬ್ರಿಟಿಷ್ ಸೇನಾನಿಗಳು ಹಳೆಯ ಪದ್ಧತಿಯಂತೆ ಬಯಲಿನಲ್ಲಿ ಸಾಲುಸಾಲಾಗಿ ಸೈನಿಕರನ್ನು ನಡೆಸಿದರು. ಕೊಲೆಂಜೊದಲ್ಲಿ ಟುಗೆಲಾ ನದಿಯ ದಂಡೆಯ ಮೇಲೆ ಹತ್ತು ಫಿರಂಗಿಗಳು ಶತ್ರುವಿನ ಪಾಲಾದವು. ಅವುಗಳನ್ನು ಎಳೆದು ತರಲು ಹೋಗಿ ಮಡಿದವರಲ್ಲಿ ಮಹಾದಂಡನಾಯಕ ರಾಬರ್ಟ್ಸನ ಮಗನೂ ಒಬ್ಬನು.

1900ರ ಜನವರಿ 23ರ ರಾತ್ರಿ ಬ್ರಿಟಿಷ್ ಪಡೆಯೊಂದು ಮಂಜಿನಲ್ಲಿ ಸ್ಪಯನ್ ಕಾಪ್ ಎಂಬ ಬೆಟ್ಟವನ್ನು ಏರಿತು. ನೆಲ ಬಂಡೆಮಯವಾಗಿದ್ದುದರಿಂದ ಕಂದಕವನ್ನು ಆಳವಾಗಿ ಅಗೆಯಲಾಗಲಿಲ್ಲ. ಬೆಳಗ್ಗೆ ಮಂಜು ಹರಿದಾಗ ತಾವು ಸುತ್ತಣ ಎತ್ತರದ ನೆಲೆಗಳಲ್ಲಿದ್ದ ಬೋಯರರ ಗುಂಡಿಗೆ ಬಯಲಾಗಿದ್ದೇವೆಂದು ಅವರಿಗೆ ತಿಳಿಯಿತು. ದಿನವಿಡೀ ಹತ್ಯೆ ನಡೆಯಿತು. ರಾತ್ರಿ ಎರಡೂ ಪಕ್ಷಗಳು ಸೋತೆವೆಂದು ಭಾವಿಸಿ ಬೆಟ್ಟವನ್ನು ಬಿಟ್ಟಿಳಿದವು. ಬೆಳಗಾದಾಗ ಮರಳಿ ಏರಿದ ಬೋಯರರಿಗೆ ಶವಗಳು ಮಾತ್ರ ಕಂಡವು. ಆ ಕಂದಕವೇ ಸತ್ತವರ ಸಮಾಧಿಯಾಯಿತು. ಯಾರಿಗೂ ಬೇಡವಾದ ಬೆಟ್ಟದ ಮೇಲೆ ನೂರಾರು ತರುಣರು ಒಂದೇ ಹಗಲಿನಲ್ಲಿ ಪ್ರಾಣ ತೆತ್ತರು. ಇದರ ನೆನಪು ಇಂಗ್ಲೆಂಡಿನಲ್ಲಿ ಯಾವ ರೂಪದಲ್ಲಿ ಉಳಿಯಿತು ಬಲ್ಲಿರಾ? 1906ರಲ್ಲಿ ಲಿವರ್‌ಪೂಲ್ ನಗರದ ಫುಟ್‌ಬಾಲ್ ಮೈದಾನದಲ್ಲಿ ಕಟ್ಟಿದ ಪ್ರೇಕ್ಷಕರ ದಿಬ್ಬಕ್ಕೆ ಆ ಬೆಟ್ಟದ ಹೆಸರನ್ನಿಟ್ಟರು. ಇಂದಿಗೂ ಅಲ್ಲಿ ಪ್ರೇಕ್ಷಕರು ಕೂಗುವ ತಾಣಕ್ಕೆ ‘ಕಾಪ್’ ಎಂದೇ ಹೆಸರು. ರಣರಂಗದ ಹೆಸರು ಆಟದ ಮೈದಾನವನ್ನು ಸೇರಿತು; ಅದೇ ಯುದ್ಧದ ಶಿಬಿರಗಳ ಹೆಸರು ಯಾರ ಬಾಯಿಗೂ ಬರಲಿಲ್ಲ.

‘ಸಭ್ಯರ ಯುದ್ಧ’ವೆನ್ನುವವರು ತಮ್ಮ ಕಥೆಯನ್ನು ಇಂಥ ಕದನಗಳೊಡನೆ ಮುಗಿಸಿಬಿಡುತ್ತಾರೆ. 1900ರ ಫೆಬ್ರವರಿ 27ರಂದು ಪಾರ್ಡೆಬರ್ಗಿನಲ್ಲಿ ಕ್ರೋನ್ಯೆ ಸುಮಾರು 4,000 ಜನರೊಡನೆ ಶರಣಾದನು. ಮರುದಿನ ಲೇಡಿಸ್ಮಿತ್ ಮುತ್ತಿಗೆ ತೆರವಾಯಿತು. 217 ದಿನಗಳ ಮ್ಯಾಫೆಕಿಂಗ್ ಮುತ್ತಿಗೆ ಮೇ 17ರಂದು ಕೊನೆಗೊಂಡಾಗ ಲಂಡನ್ನಿನ ಬೀದಿಗಳಲ್ಲಿ ಜನ ಹುಚ್ಚೆದ್ದು ಕುಣಿದರು. ಜೂನ್ 5ರಂದು ಪ್ರಿಟೋರಿಯ ಕೈವಶವಾಯಿತು. ಇಲ್ಲಿಗೆ ಪರದೆ ಬೀಳುತ್ತದೆ. ಆದರೆ ಯುದ್ಧ ಇನ್ನೂ ಎರಡು ವರ್ಷ ಉಳಿದಿತ್ತು. ಸಭ್ಯತೆಯ ಪರೀಕ್ಷೆ ನಡೆದದ್ದು ಆ ಎರಡು ವರ್ಷಗಳಲ್ಲಿ.

ರಾಜಧಾನಿಗಳನ್ನು ಕಳೆದುಕೊಂಡ ಬೋಯರರು ಸಣ್ಣ ಸಣ್ಣ ಗುಂಪುಗಳಾಗಿ ಕುದುರೆಯೇರಿ, ರೈಲು ಹಳಿಗಳನ್ನು ಕಿತ್ತು, ಮಿಂಚಿನಂತೆ ದಾಳಿಮಾಡಿ ಮರೆಯಾಗತೊಡಗಿದರು. ಅವರನ್ನು ಹಿಡಿಯಲಾರದ ಬ್ರಿಟಿಷ್ ಸೇನೆಯು ಅವರ ಮನೆಗಳನ್ನು ಸುಟ್ಟಿತು. ರಾಬರ್ಟ್ಸನು ಆರಂಭಿಸಿದ ಈ ಕೆಲಸವನ್ನು 1900ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಕಿಚನರನು ಒಂದು ವ್ಯವಸ್ಥೆಯನ್ನಾಗಿ ಮಾಡಿದನು. ಸುಮಾರು 30,000 ತೋಟದ ಮನೆಗಳು ಬೂದಿಯಾದವು. ಬೆಳೆ ಸುಟ್ಟರು, ಕುರಿ ದನಗಳನ್ನು ಹಿಂಡುಹಿಂಡಾಗಿ ಕೊಂದರು. ನಾಡಿನುದ್ದಕ್ಕೂ ಮುಳ್ಳುತಂತಿಯ ಬೇಲಿ ಎಳೆದು ಸುಮಾರು 8,000 ಕಾವಲುಗೂಡುಗಳನ್ನು ಕಟ್ಟಿದರು. ಮನೆ ಕಳೆದುಕೊಂಡ ಹೆಂಗಸರು, ಮಕ್ಕಳು, ಮುದುಕರನ್ನು ತೆರೆದ ಬಂಡಿಗಳಲ್ಲಿ ತುಂಬಿ ಬಯಲಿನಲ್ಲಿ ಹೂಡಿದ ಡೇರೆಗಳಿಗೆ ಸಾಗಿಸಿದರು. ಇವುಗಳಿಗೆ ‘ನಿರಾಶ್ರಿತರ ಶಿಬಿರ’ಗಳೆಂದು ಹೆಸರು. ಆಶ್ರಯವನ್ನು ಸುಟ್ಟವರೇ ನಿರಾಶ್ರಿತರೆಂಬ ಬಿರುದನ್ನೂ ದಯಪಾಲಿಸಿದರು!

ಆ ಡೇರೆಗಳಲ್ಲಿ ಒಂದು ಲಕ್ಷಕ್ಕೂ ಮಿಗಿಲಾದ ಬೋಯರರು ಇದ್ದರು. ದಡಾರ, ವಿಷಮಶೀತಜ್ವರ, ಆಮಶಂಕೆ, ನ್ಯುಮೋನಿಯ ಇವು ಒಂದಾದ ಮೇಲೊಂದು ಹರಡಿದವು. ಯುದ್ಧಾನಂತರದ ಗಣನೆಯಂತೆ ಸತ್ತವರು 27,927 ಮಂದಿ. ಅವರಲ್ಲಿ 22,074 ಮಂದಿ ಹದಿನಾರು ವರ್ಷದೊಳಗಿನ ಮಕ್ಕಳು. ರಣರಂಗದಲ್ಲಿ ಗುಂಡಿಗೆ ಸಿಕ್ಕು ಸತ್ತ ಬೋಯರ್ ಯೋಧರಿಗಿಂತ ಡೇರೆಯೊಳಗೆ ಸತ್ತ ಮಕ್ಕಳ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ಸುಮಾರು ನಾಲ್ಕೂವರೆ ಲಕ್ಷ ಸೈನಿಕರನ್ನು ಕಳುಹಿಸಿದ ಬ್ರಿಟಿಷ್ ಸಾಮ್ರಾಜ್ಯವು ಒಟ್ಟು ಕಳೆದುಕೊಂಡದ್ದು ಸುಮಾರು 22,000 ಮಂದಿಯನ್ನು. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ರೋಗಕ್ಕೆ ಬಲಿಯಾದವರು. ಒಂದು ಕಡೆ ಸಾಮ್ರಾಜ್ಯದ ಇಡೀ ಸೇನೆಯ ಸಾವು, ಇನ್ನೊಂದು ಕಡೆ ಮಕ್ಕಳ ಸಾವು. ತಕ್ಕಡಿಯ ಎರಡು ತಟ್ಟೆಗಳೂ ಸರಿಸಮವಾಗಿ ನಿಲ್ಲುತ್ತವೆ. ಇಂಥ ಯುದ್ಧವು ಸಭ್ಯರದೆಂದಾದರೆ ಅಸಭ್ಯತೆಗೆ ಯಾವ ಲಕ್ಷಣವನ್ನು ಹೇಳಬೇಕು?

ಇದಕ್ಕೆ ಅವರ ಬಳಿ ಸಿದ್ಧವಾದ ಉತ್ತರವೊಂದಿದೆ. ‘ಅವರನ್ನು ಯಾರೂ ಕೊಲ್ಲಲಿಲ್ಲ, ಅವರು ರೋಗದಿಂದ ಸತ್ತರು. ಕೊಲ್ಲುವ ಉದ್ದೇಶ ಯಾರಿಗೂ ಇರಲಿಲ್ಲ.’ ಇದು ಈ ಚರ್ಚೆಯ ತಿರುಳು. ಆದ್ದರಿಂದ ಈ ಉತ್ತರವನ್ನು ಸಾವಧಾನವಾಗಿ ಪರಿಶೀಲಿಸೋಣ.

ಎಮಿಲಿ ಹಾಬ್‌ಹೌಸ್ ಎಂಬ ಇಂಗ್ಲಿಷ್ ಮಹಿಳೆ 1901ರ ಆರಂಭದಲ್ಲಿ ಈ ಶಿಬಿರಗಳನ್ನು ಕಣ್ಣಾರೆ ಕಂಡಳು. ನೀರನ್ನು ಕಾಯಿಸಲು ಸೌದೆಯಿಲ್ಲ, ಮಲಗಲು ಹಾಸಿಗೆಯಿಲ್ಲ, ಒಂದೊಂದು ಡೇರೆಯಲ್ಲಿ ಹತ್ತು ಹನ್ನೆರಡು ಜನ. ಸಾಬೂನು ಬೇಕೆಂದರೆ ಅದು ಭೋಗವಸ್ತುವೆಂಬ ಉತ್ತರ ಅಧಿಕಾರಿಗಳಿಂದ ಬಂತು. ಇದಕ್ಕಿಂತ ಘೋರವಾದುದು ಪಡಿತರದ ಭೇದ. ಗಂಡನೋ ತಂದೆಯೋ ಇನ್ನೂ ಶರಣಾಗದೆ ಹೋರಾಡುತ್ತಿದ್ದರೆ ಆ ಮನೆಯ ಹೆಂಗಸರಿಗೂ ಮಕ್ಕಳಿಗೂ ಆರಂಭದ ತಿಂಗಳುಗಳಲ್ಲಿ ಕಡಿಮೆ ಪಡಿತರವನ್ನು ಅಳೆದರು. ಬ್ಲೂಮ್‌ಫಾಂಟೀನ್ ಶಿಬಿರದಲ್ಲಿ ಎಲುಬಿನ ಗೂಡಾಗಿ ಸತ್ತ ಲಿಝಿ ವ್ಯಾನ್ ಝೈಲ್ ಎಂಬ ಏಳು ವರ್ಷದ ಬಾಲಿಕೆಯ ಛಾಯಾಚಿತ್ರ ಇಂದಿಗೂ ಉಳಿದಿದೆ. ಯುದ್ಧದ ಸಮರ್ಥಕರು ಆ ಚಿತ್ರವನ್ನೇ ತೋರಿಸಿ ತಾಯಿಯೇ ಮಗುವನ್ನು ಉಪವಾಸ ಕೆಡವಿದಳೆಂದು ಪ್ರಚಾರ ಮಾಡಿದರು. ಕೊಟ್ಟ ಅನ್ನವನ್ನು ಕಡಿಮೆ ಮಾಡಿದವರು ತಾಯಿಯ ಮೇಲೆ ಅಪವಾದ ಹೊರಿಸಿದರು.

ಹಾಬ್‌ಹೌಸಳ ವರದಿ ಪ್ರಕಟವಾದ ಮೇಲೆ 1901ರ ಜೂನಿನಲ್ಲಿ ವಿರೋಧಪಕ್ಷದ ನಾಯಕ ಕ್ಯಾಂಪ್‌ಬೆಲ್ ಬ್ಯಾನರ್‌ಮನ್ ಇವು ಬರ್ಬರತೆಯ ವಿಧಾನಗಳೆಂದು ಖಂಡಿಸಿದನು. ಅವನನ್ನು ದೇಶದ್ರೋಹಿಯೆಂದು ಜರೆದರು. ಆ ವರ್ಷದ ಅಕ್ಟೋಬರಿನಲ್ಲಿ ಹಾಬ್‌ಹೌಸ್ ಮತ್ತೆ ಹೋದಾಗ ಕೇಪ್‌ಟೌನಿನಲ್ಲಿ ಅವಳನ್ನು ನೆಲಕ್ಕೆ ಇಳಿಯಗೊಡದೆ ಬಲಾತ್ಕಾರವಾಗಿ ಹಿಂದಕ್ಕೆ ಕಳುಹಿಸಿದರು. ಅದೇ ಅಕ್ಟೋಬರಿನಲ್ಲಿ ಬೋಯರ್ ಶಿಬಿರಗಳ ಮರಣದರ ವರ್ಷಕ್ಕೆ ಸಾವಿರಕ್ಕೆ 344ರ ಮಟ್ಟವನ್ನು ಮುಟ್ಟಿತು. ಅದೇ ಗತಿಯಲ್ಲಿ ನಡೆದಿದ್ದರೆ ಮೂರು ವರ್ಷಗಳಲ್ಲಿ ಡೇರೆಗಳು ಬರಿದಾಗುತ್ತಿದ್ದವು.

ಮುಂದೆ ನಡೆದದ್ದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಸರ್ಕಾರವೇ ನೇಮಿಸಿದ, ಮಿಲಿಸೆಂಟ್ ಫಾಸೆಟ್ ಎಂಬಾಕೆಯ ನೇತೃತ್ವದ ಮಹಿಳೆಯರ ಆಯೋಗವು ಶಿಬಿರಗಳನ್ನು ಸುತ್ತಿ, ಹಾಬ್‌ಹೌಸಳು ಹೇಳಿದ್ದರಲ್ಲಿ ಬಹುಭಾಗ ನಿಜವೆಂದು ಕಂಡುಕೊಂಡಿತು. ಶಿಬಿರಗಳ ಆಡಳಿತವು ಸೇನೆಯ ಕೈಯಿಂದ ನಾಗರಿಕ ಅಧಿಕಾರಿಗಳ ಕೈಗೆ ಬಂತು. ಪಡಿತರ ಹೆಚ್ಚಿತು; ದಾದಿಯರು ಬಂದರು; ನೀರನ್ನು ಕುದಿಸುವ ಏರ್ಪಾಡಾಯಿತು; ಮಲಗಲು ಮಂಚಗಳು ಬಂದವು. ಕೆಲವೇ ತಿಂಗಳುಗಳಲ್ಲಿ, 1902ರ ಮಧ್ಯಭಾಗದ ಹೊತ್ತಿಗೆ, ಮರಣದರವು ಸಾಮಾನ್ಯ ನಗರವೊಂದರ ಮಟ್ಟಕ್ಕೆ ಇಳಿಯಿತು. ಯುದ್ಧ ಇನ್ನೂ ನಿಂತಿರಲಿಲ್ಲ, ಹವೆ ಬದಲಾಗಿರಲಿಲ್ಲ, ಹೊಸ ಔಷಧ ಯಾವುದೂ ಹುಟ್ಟಿರಲಿಲ್ಲ. ಅಂದಮೇಲೆ ಆ ಸಾವುಗಳು ದೈವಲಿಖಿತವಾಗಿರಲಿಲ್ಲ. ಸಾಬೂನು, ಸೌದೆ, ಕುದಿಸಿದ ನೀರು, ಹೊಟ್ಟೆ ತುಂಬುವಷ್ಟು ಆಹಾರ. ಇಷ್ಟರಿಂದ ತಪ್ಪಿಸಬಹುದಾಗಿದ್ದ ಸಾವು ಅವು. ತಪ್ಪಿಸುವ ಶಕ್ತಿಯಿದ್ದವನು, ತಿಳಿಸಿದ ಮೇಲೂ ತಪ್ಪಿಸದೆ, ತಿಳಿಸಿದವಳನ್ನೇ ಹಡಗಿನಿಂದ ಇಳಿಯಗೊಡದೆ ಅಟ್ಟಿದ ಮೇಲೆ, ‘ಅವರು ಸತ್ತರು’ ಎಂಬ ಕ್ರಿಯಾಪದ ಸಲ್ಲದು. ‘ಅವರನ್ನು ಕೊಂದರು’ ಎಂದೇ ಹೇಳಬೇಕು.

ಉದ್ದೇಶವಿರಲಿಲ್ಲ ಎನ್ನುವ ಸಮಾಧಾನ ನಮ್ಮ ವಾಚಕರಿಗೆ ಒಪ್ಪಿಗೆಯಾಗಲಾರದು. ಕತ್ತಿ ಎತ್ತಿದ ಕೈಯನ್ನು ಮಾತ್ರ ಹಿಂಸೆಯೆಂದು ನಮ್ಮ ಆಚಾರ್ಯರು ತಿಳಿಯಲಿಲ್ಲ. ಹಿಂಸೆಯ ಬೇರನ್ನು ಅವರು ಪ್ರಮಾದದಲ್ಲಿ ಕಂಡರು. ಎಚ್ಚರ ತಪ್ಪಿದ ಮನಸ್ಸು, ಇನ್ನೊಬ್ಬರ ಪ್ರಾಣದ ಬಗೆಗಿನ ಅಲಕ್ಷ್ಯ, ನನಗೇನೆಂಬ ಉದಾಸೀನ. ಇವು ಆಯುಧ ಹಿಡಿಯದೆಯೇ ಕೊಲ್ಲುತ್ತವೆ. ಆ ಮಾತಿಗೆ ದಕ್ಷಿಣ ಆಫ್ರಿಕದ ಶಿಬಿರಗಳಿಗಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ.

ಇಷ್ಟು ಹೇಳಿದರೂ ಕಥೆ ಪೂರ್ತಿಯಾಗಲಿಲ್ಲ. ಈ ಯುದ್ಧವನ್ನು ‘ಬಿಳಿಯರ ಯುದ್ಧ’ ಎಂದೂ ಕರೆದರು. ಅದು ಎರಡನೆಯ ಅಸತ್ಯ. ಹತ್ತಾರು ಸಾವಿರ ಕರಿಯರು ಗಾಡಿ ಹೊಡೆದು, ಕಂದಕ ಅಗೆದು, ಬೇಹು ನಡೆಸಿ, ಕೊನೆಕೊನೆಗೆ ಕೋವಿಯನ್ನೂ ಹಿಡಿದು ದುಡಿದರು. ಬ್ರಿಟಿಷರ ಪರವಾಗಿ ಬೇಹು ನಡೆಸಿದವರು ಸಿಕ್ಕಾಗ ಬೋಯರರು ಅವರನ್ನು ವಿಚಾರಣೆಯಿಲ್ಲದೆ ಗುಂಡಿಕ್ಕಿದರು. ಮ್ಯಾಫೆಕಿಂಗಿನ ಮುತ್ತಿಗೆಯೊಳಗೆ ಬ್ರಿಟಿಷ್ ದಳಪತಿಯು ಕರಿಯರ ಪಡಿತರವನ್ನು ಕಡಿತಗೊಳಿಸಿದನು. ಆ ಊರಿನಲ್ಲಿದ್ದ ಸಾಲ್ ಪ್ಲಾಟ್ಯೆ ಎಂಬ ಕರಿಯ ತರುಣ, ನ್ಯಾಯಾಲಯದ ದುಭಾಷಿ, ದಿನಚರಿ ಬರೆದಿಟ್ಟನು. ಅದು 1973ರವರೆಗೆ ಬೆಳಕು ಕಾಣಲಿಲ್ಲ.

ತೋಟಗಳಿಂದ ಅಟ್ಟಲ್ಪಟ್ಟ ಕರಿಯರಿಗೂ ಬೇರೆ ಶಿಬಿರಗಳಿದ್ದವು. ಒಂದು ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದರು. ಗಂಡಸರನ್ನು ಸೇನೆಯ ಕೂಲಿಗೆ ಕಳುಹಿಸಿ, ಉಳಿದವರು ತಮ್ಮ ಅನ್ನವನ್ನು ತಾವೇ ಬೆಳೆಯಬೇಕೆಂದೂ ಕೊಳ್ಳಬೇಕೆಂದೂ ವಿಧಿಸಿದರು. ಫಾಸೆಟ್ ಆಯೋಗವು ಆ ಶಿಬಿರಗಳನ್ನು ಪರಿಶೀಲಿಸಲಿಲ್ಲ. ದಾಖಲೆಗೆ ಸಿಕ್ಕ ಸಾವುಗಳೇ 14,000ಕ್ಕೂ ಹೆಚ್ಚು. ನಿಜಸಂಖ್ಯೆ 20,000ವನ್ನು ಮೀರಿರಬೇಕೆಂದು ಇತಿಹಾಸಕಾರರ ಅಭಿಪ್ರಾಯ. ಬೋಯರ್ ಮಕ್ಕಳ ಲೆಕ್ಕ ಕೊನೆಯ ಅಂಕಿಯವರೆಗೆ ಸಿಗುತ್ತದೆ; ಕರಿಯ ಮಕ್ಕಳ ಲೆಕ್ಕ ಅಂದಾಜಿನಲ್ಲೇ ನಿಲ್ಲುತ್ತದೆ. 1913ರಲ್ಲಿ ಬ್ಲೂಮ್‌ಫಾಂಟೀನಿನಲ್ಲಿ ಬೋಯರ್ ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಭವ್ಯ ಸ್ಮಾರಕ ಎದ್ದಿತು. ಅದೇ 1913ರಲ್ಲಿ, ಕಾದಾಡಿದ ಇಬ್ಬರೂ ಒಂದಾಗಿ ಕಟ್ಟಿದ ರಾಜ್ಯದ ಸಂಸತ್ತು ಭೂಮಿಯ ಕಾನೂನೊಂದನ್ನು ಮಾಡಿ ಕರಿಯರಿಗೆ ದೇಶದ ಶೇಕಡಾ ಏಳರಷ್ಟು ನೆಲವನ್ನು ಬಿಟ್ಟು ಉಳಿದೆಡೆ ಭೂಮಿ ಕೊಳ್ಳುವುದನ್ನು ನಿಷೇಧಿಸಿತು.

ಅದಕ್ಕೆ ಬೀಜ ಶಾಂತಿಪತ್ರದಲ್ಲೇ ಇತ್ತು. 1902ರ ಮೇ 31ರಂದು ಸಹಿಯಾದ ಒಪ್ಪಂದದಲ್ಲಿ ಬೋಯರರ ಪುನರ್ನಿರ್ಮಾಣಕ್ಕೆ ಬ್ರಿಟಿಷರು ಮೂವತ್ತು ಲಕ್ಷ ಪೌಂಡುಗಳನ್ನು ಕೊಟ್ಟರು. ಕರಿಯರ ಮತದಾನದ ಹಕ್ಕನ್ನು ಬಿಳಿಯರಿಗೆ ಸ್ವಯಮಾಡಳಿತ ದೊರೆಯುವವರೆಗೆ ಮುಂದೂಡಿದರು. ಎಂದರೆ ಕೊಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಕೊಡಲೊಲ್ಲದವರ ಕೈಗೇ ಒಪ್ಪಿಸಿದರು. ಇಬ್ಬರು ಜಗಳವಾಡಿ ರಾಜಿಯಾದಾಗ ಮೂರನೆಯವನ ಹೊಲವನ್ನು ಹಂಚಿಕೊಂಡಂತಾಯಿತು. ಆ ಮತದಾನದ ಹಕ್ಕು ಎಲ್ಲರಿಗೂ ದಕ್ಕಿದ್ದು 1994ರಲ್ಲಿ.

ನಮ್ಮ ದೇಶಕ್ಕೂ ಈ ಯುದ್ಧದ ನಂಟು ಉಂಟು. ಗಾಂಧೀಜಿಯವರು ಸುಮಾರು 1,100 ಭಾರತೀಯರ ಶುಶ್ರೂಷಾ ದಳವನ್ನು ಕಟ್ಟಿ ಕೊಲೆಂಜೊ, ಸ್ಪಯನ್ ಕಾಪ್‌ಗಳಲ್ಲಿ ಗಾಯಾಳುಗಳನ್ನು ಡೋಲಿಗಳಲ್ಲಿ ಹೊತ್ತು ಸಾಗಿಸಿದರು. ಅವರಲ್ಲಿ ಸುಮಾರು 800 ಮಂದಿ ಕರಾರಿನ ಕೂಲಿಗಳು. ಅವರ ಧಣಿಗಳು ಬಿಟ್ಟುಕೊಟ್ಟದ್ದರಿಂದ ಬಂದವರು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲಿ ನಡೆದ ಅವರ ದುಡಿಮೆ ಸಾಮಾನ್ಯವಲ್ಲ. ಲೇಡಿಸ್ಮಿತ್ತಿನ ಮುತ್ತಿಗೆಯಲ್ಲಿ ಪ್ರಭುಸಿಂಗ್ ಎಂಬ ಕರಾರಿನ ಕೂಲಿಯು ಮರದ ಮೇಲೆ ಕುಳಿತು, ಬೋಯರ್ ಫಿರಂಗಿ ಹೊಗೆಯುಗುಳಿದಾಗಲೆಲ್ಲ ಗಂಟೆ ಬಾರಿಸಿ ಊರಿನವರನ್ನು ಎಚ್ಚರಿಸುತ್ತಿದ್ದನು. ಇವರ ಧೈರ್ಯಕ್ಕೆ ನಮಸ್ಕಾರ.

ಆದರೆ ಇದನ್ನೇ ಹಿಡಿದು ‘ನಮ್ಮವರು ಆ ಯುದ್ಧದಲ್ಲಿ ಅಹಿಂಸೆಯನ್ನು ಆಚರಿಸಿದರು’ ಎಂದು ಹೆಮ್ಮೆಪಡುವವರನ್ನು ನಾನು ಒಪ್ಪಲಾರೆ. ‘ಗಾಂಧಿ ಸಾಮ್ರಾಜ್ಯದ ಸೇವಕ’ ಎಂದು ಹಳಿಯುವವರನ್ನೂ ಒಪ್ಪಲಾರೆ. ಇಬ್ಬರಿಗೂ ಉತ್ತರವನ್ನು ಸ್ವತಃ ಗಾಂಧೀಜಿಯವರೇ ಕೊಟ್ಟಿದ್ದಾರೆ. ದಕ್ಷಿಣ ಆಫ್ರಿಕದಿಂದ ಶ್ರೀಮದ್ ರಾಜಚಂದ್ರರಿಗೆ ಪತ್ರ ಬರೆದು ಧರ್ಮಸಂದೇಹಗಳನ್ನು ಕೇಳಿದ್ದ ಆ ತರುಣ ವಕೀಲರು, ತಮ್ಮ ಮನಸ್ಸಿನ ಅನುಕಂಪ ಬೋಯರರ ಕಡೆಗಿತ್ತೆಂದೂ ಬ್ರಿಟಿಷ್ ಪ್ರಜೆಯಾಗಿ ಹಕ್ಕು ಕೇಳುವವನು ಕರ್ತವ್ಯವನ್ನೂ ಮಾಡಬೇಕೆಂದು ದಳ ಕಟ್ಟಿದೆನೆಂದೂ ಮುಂದೆ ಬರೆದರು. ಯುದ್ಧದಲ್ಲಿ ಗಾಯಾಳುಗಳ ಸೇವೆಗೆ ನಿಂತವನೂ ಯುದ್ಧದ ದೋಷದಿಂದ ಮುಕ್ತನಲ್ಲವೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡರು. 1920ರ ಆಗಸ್ಟಿನಲ್ಲಿ ಆ ಯುದ್ಧದ ಪದಕವನ್ನು ಸರ್ಕಾರಕ್ಕೆ ಹಿಂದಿರುಗಿಸಿದರು. ದೋಷವನ್ನು ಮುಚ್ಚದೆ ಹೆಸರಿಟ್ಟು ಹೇಳುವುದೇ ಸತ್ಯವಂತನ ಲಕ್ಷಣ. ‘ಸಭ್ಯರ ಯುದ್ಧ’ದ ವಂದಿಮಾಗಧರು ಮಾಡಲಾರದ ಕೆಲಸವಿದು.

ಇನ್ನೊಂದು ನಂಟು ನಮ್ಮ ನಾಡಿನದೇ. ಸೆರೆಸಿಕ್ಕ ಬೋಯರ್ ಯೋಧರಲ್ಲಿ ಸುಮಾರು 9,000 ಮಂದಿಯನ್ನು ಭಾರತಕ್ಕೆ ತಂದು ಅಹಮದನಗರ, ತಿರುಚಿನಾಪಳ್ಳಿ ಮೊದಲಾದ ಕಡೆ ಇಟ್ಟರು. ಆ ಊರುಗಳಲ್ಲಿ ಬಳ್ಳಾರಿಯೂ ಒಂದು. ಕೋವಿ ಹಿಡಿದು ಸಾಮ್ರಾಜ್ಯದ ಸೈನಿಕರನ್ನು ಕೊಂದವನಿಗೆ ಯುದ್ಧಕೈದಿ ಎಂಬ ಸ್ಥಾನವಿತ್ತು, ನಿಯಮದಂತೆ ಊಟವಿತ್ತು. ಅಂಥವರಲ್ಲಿ ಬಹುಮಂದಿ ಯುದ್ಧ ಮುಗಿದ ಮೇಲೆ ಬದುಕಿ ಮರಳಿದರು. ಕೋವಿಯನ್ನೇ ಮುಟ್ಟದ ಅವನ ಮಗುವಿಗೆ ಯಾವ ಸ್ಥಾನವೂ ಇರಲಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ದಿನವೆಣಿಸಿದ ಯೋಧನು ಸಮುದ್ರ ದಾಟಿ ಊರು ಸೇರಿದಾಗ ಮನೆಯ ಜಾಗದಲ್ಲಿ ಬೂದಿಯನ್ನೂ ಶಿಬಿರದ ಬಯಲಿನಲ್ಲಿ ಸಣ್ಣ ಸಣ್ಣ ಗೋರಿಗಳನ್ನೂ ಕಂಡದ್ದುಂಟು. ‘ಸಭ್ಯತೆ’ಯ ಗುಟ್ಟು ಇಲ್ಲಿದೆ. ಆ ಯುದ್ಧದಲ್ಲಿ ಆಯುಧವಿದ್ದವನು ಆಯುಧವಿದ್ದವನಿಗೆ ಮರ್ಯಾದೆ ತೋರಿದನು. ನಿರಾಯುಧನಿಗೆ ಮರ್ಯಾದೆ ಸಿಗಲಿಲ್ಲ. ಬಲಿಷ್ಠರು ಪರಸ್ಪರ ತೋರುವ ಮರ್ಯಾದೆಗೆ ಧರ್ಮವೆಂಬ ಹೆಸರು ಸಲ್ಲುವುದಿಲ್ಲ. ದುರ್ಬಲರ ವಿಷಯದಲ್ಲಿ ಅದು ಹೇಗೆ ನಡೆದುಕೊಂಡಿತೆಂಬುದರಿಂದಲೇ ಯಾವ ಸಭ್ಯತೆಯನ್ನೂ ಅಳೆಯಬೇಕು.

ನೂರು ವರ್ಷಗಳ ಹಿಂದಿನ, ಸಮುದ್ರದಾಚೆಯ ಈ ಮಾತು ನಮಗೇಕೆಂದು ಕೇಳುವವರಿರಬಹುದು. ಅನ್ನದ ಉಗ್ರಾಣದ ಬೀಗದ ಕೈ ಯಾರ ಬಳಿ ಇದೆಯೋ ಅವರೆಲ್ಲರ ಮಾತು ಇದು. ಮನೆಯ ಯಜಮಾನನಾಗಲಿ, ಟ್ರಸ್ಟಿನ ಅಧ್ಯಕ್ಷನಾಗಲಿ, ಛತ್ರ, ವಿದ್ಯಾರ್ಥಿನಿಲಯ, ಗೋಶಾಲೆಗಳ ಮೇಲ್ವಿಚಾರಕನಾಗಲಿ, ತನ್ನ ಆಶ್ರಯದಲ್ಲಿರುವ ಜೀವಕ್ಕೆ ಕೇಡಾದಾಗ ‘ನಾನೇನೂ ಮಾಡಲಿಲ್ಲ’ ಎನ್ನುವ ಮೊದಲು, ಮಾಡಬೇಕಾದುದನ್ನು ಮಾಡಿದೆನೇ ಎಂದು ಕೇಳಿಕೊಳ್ಳಬೇಕು. ಏನೂ ಮಾಡದಿದ್ದುದೇ ಕೆಲವೊಮ್ಮೆ ಮಹಾಪರಾಧ.

ನಮ್ಮ ಮಕ್ಕಳು ಈ ಯುದ್ಧದ ಪಾಠ ಓದುವಾಗ ಸ್ಪಯನ್ ಕಾಪ್, ಲೇಡಿಸ್ಮಿತ್ ಎಂಬ ಹೆಸರುಗಳನ್ನು ಕಲಿಯಲಿ, ಬೇಡವೆನ್ನುವುದಿಲ್ಲ. ಅದರೊಡನೆ 22,074 ಎಂಬ ಸಂಖ್ಯೆಯನ್ನೂ ಕಲಿಯಲಿ. ಎಣಿಕೆಗೇ ಬಾರದ ಕರಿಯ ಮಕ್ಕಳಿದ್ದರೆಂಬುದನ್ನೂ ಕಲಿಯಲಿ. ಆಮೇಲೆ ಯಾರಾದರೂ ಅವರೆದುರು ‘ಸಭ್ಯರ ಯುದ್ಧ’ ಎಂದರೆ, ಸಾಬೂನು ಕೇಳಿದ ತಾಯಿಗೆ ಆ ಸಭ್ಯರು ಕೊಟ್ಟ ಉತ್ತರವೇನೆಂದು ಅವರೇ ಕೇಳುವರು.